ಅವಳ ಕೈಯಲ್ಲಿ ಪ್ರೋಬು, ನನ್ನ ಕೈಯಲ್ಲಿ ಸಿರಿಂಜು

ಅವಳು "ಉಸ್ವಾಸ್ ಧರಾ" ಅಂದರೆ ನನ್ನ ಗಂಡ ಉಸಿರು ಹಿಡಿಯುತ್ತಿದ್ದರು. "ಸೊಡಾ" ಅಂದರೆ ಬಿಡುತ್ತಿದ್ದರು. ಮನೆಯಲ್ಲಿ ನಾನು ಗಂಟಲು ಹರಿದುಕೊಂಡರೂ ಟಿವಿಯ ಸದ್ದನ್ನು ಒಂದು ಗೆರೆ ಇಳಿಸದ ಮನುಷ್ಯ, ಅಲ್ಲಿ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿ, ನನಗೆ ಬಾರದ ಕೊಂಕಣಿಯಲ್ಲಿ ಅವಳು ಹೇಳಿದ ಹಾಗೆ ಎದೆ ಉಬ್ಬಿಸುತ್ತ ಇಳಿಸುತ್ತ ಇದ್ದರು. ಬಾಗಿಲಿನ ಆಚೆ ಬೆಂಚಿನ ಮೇಲೆ ಕೂತು ನಾನು ಅದನ್ನೆಲ್ಲ ಕೇಳಿಸಿಕೊಂಡು ಉರಿಯುತ್ತಿದ್ದೆ. ಒಳಗೆ ನೋಡುತ್ತಿದ್ದದ್ದು ಕ್ಯಾನ್ಸರ್ ಇವರ ಶ್ವಾಸಕೋಶಕ್ಕೆ ಹಬ್ಬಿದೆಯೋ ಇಲ್ಲವೋ ಎಂದು. ಅಂಥ ಹೊತ್ತಿನಲ್ಲೂ ಹೊಟ್ಟೆಕಿಚ್ಚಿಗೆ ನನ್ನೊಳಗೆ ಜಾಗ ಇತ್ತು. ಇತ್ತು ಎಂದೇ ಹೇಳುತ್ತೇನೆ, ಸಾಧ್ವಿಯ ಹಾಗೆ ಬರೆಯುವುದು ನನಗೆ ಆಗದ ಕೆಲಸ.

ಇದು ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು. ಕುವೈತಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ನಾನು ನರ್ಸ್. ಇವರು ಫಹಾಹೀಲ್‌ನ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಸಾಲ್ಮಿಯಾದಲ್ಲಿ ನಮ್ಮ ಬಾಡಿಗೆ ಮನೆ, ಅಡುಗೆಮನೆಯ ಕಿಟಕಿಯಿಂದ ಕುತ್ತಿಗೆ ಚಾಚಿದರೆ ಒಂದು ಚೂರು ಸಮುದ್ರ. ಮಗಳು ಒಬ್ಬಳೇ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಇನ್ನು ಅವಳು, ಅಂದರೆ ಪ್ರೋಬು ಹಿಡಿದವಳು, ನಮ್ಮ ವಿಭಾಗದ ಅಲ್ಟ್ರಾಸೌಂಡ್ ಟೆಕ್ನಿಷಿಯನ್. ಹೊನ್ನಾವರ ಕಡೆಯ ಕ್ರಿಶ್ಚನ್ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು. ನನ್ನದು ಉಡುಪಿ ಕಡೆಯ ತುಳು. ಅವಳಿಗೆ ತುಳು ಬಾರದು, ನನಗೆ ಕೊಂಕಣಿ ಬಾರದು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ.

ನಾವು ಜೋಡಿಯಾಗಿ ಮಾಡುತ್ತಿದ್ದ ಒಂದು ಪರೀಕ್ಷೆ ಇತ್ತು. ಸೂಜಿಯ ಮೊನೆಗಿಂತ ಎಷ್ಟೋ ಸಣ್ಣ ಗುಳ್ಳೆಗಳಿರುವ ಒಂದು ಬಿಳಿ ದ್ರವವನ್ನು ಕೈಯ ರಕ್ತನಾಳಕ್ಕೆ ಬಿಡುವುದು. ಆ ಗುಳ್ಳೆಗಳು ರಕ್ತದ ಜೊತೆ ಹೋದಲ್ಲೆಲ್ಲ ಅಲ್ಟ್ರಾಸೌಂಡಿನ ಪರದೆಯ ಮೇಲೆ ಬೆಳಕು ಕಾಣುತ್ತದೆ. ಕೆಲಸ ಮುಗಿದ ಮೇಲೆ ಒಡೆದು, ಉಸಿರಿನ ಜೊತೆ ಹೊರಗೆ ಹೋಗುತ್ತವೆ. ಇದಕ್ಕೆ ಇಬ್ಬರು ಬೇಕು. ಒಬ್ಬಳು ಮೈಮೇಲೆ ಒತ್ತುವ ಪ್ರೋಬನ್ನು ಅಲುಗಾಡಿಸದೆ ಹಿಡಿಯಬೇಕು, ಇನ್ನೊಬ್ಬಳು ಗುಳ್ಳೆ ಬಿಟ್ಟು, ಹಿಂದೆಯೇ ಉಪ್ಪುನೀರು ತಳ್ಳಿ, ಗಡಿಯಾರ ಒತ್ತಬೇಕು. ಬೇರೆಯವರು ಮಾಡಿದರೆ ಚಿತ್ರ ಮಸುಕು, ನಾವು ಮಾಡಿದರೆ ಸ್ಫುಟ ಎಂದು ನಮ್ಮ ಮಿಸ್ರಿ ಡಾಕ್ಟರು ಹೇಳುತ್ತಿದ್ದರು. ಈಜಿಪ್ಟಿನವರನ್ನು ಅಲ್ಲಿ ಎಲ್ಲರೂ ಮಿಸ್ರಿ ಎಂದೇ ಕರೆಯುವುದು. ಆದರೆ ಅವರು ಹಾಗೆ ಹೇಳುವಾಗ ಯಾವಾಗಲೂ ಅವಳ ಮುಖ ನೋಡಿಯೇ ಹೇಳುತ್ತಿದ್ದರು. ಪರದೆಯಲ್ಲಿ ಕಾಣುವುದು ಪ್ರೋಬಿನವಳ ಕೈಚಳಕ. ಗುಳ್ಳೆ ಬಿಟ್ಟವಳ ಕೈಗುಣ ಯಾರಿಗೂ ಕಾಣುವುದಿಲ್ಲ.

ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ಒಂದು ಶುಕ್ರವಾರ, ಒಬ್ಬಳೇ ಇರುವ ಹುಡುಗಿ ಎಂದು ನಾನೇ ಅವಳನ್ನು ಊಟಕ್ಕೆ ಕರೆದೆ. ಮಂಗಳೂರಿನಲ್ಲಿ ಇವರು ಬೆಳೆದದ್ದು ಇಗರ್ಜಿಯ, ಅಂದರೆ ಚರ್ಚಿನ, ಕಾಂಪೌಂಡಿಗೆ ತಾಗಿದ ಮನೆಯಲ್ಲಿ. ಆಡಿದ್ದು, ಜಗಳ ಮಾಡಿದ್ದು, ಬೈಗುಳ ಕಲಿತದ್ದು ಎಲ್ಲ ಕೊಂಕಣಿಯಲ್ಲಿ. ನನಗೆ ಅದು ಗೊತ್ತಿತ್ತು, ಆದರೆ ಮದುವೆಯಾದಲ್ಲಿಂದ ಅವರ ಬಾಯಲ್ಲಿ ಆ ಭಾಷೆಯನ್ನು ಅಷ್ಟು ಹೊತ್ತು ಕೇಳಿರಲಿಲ್ಲ. ಅವಳು ಚಪ್ಪಲಿ ಬಿಚ್ಚುವ ಮೊದಲೇ ಇಬ್ಬರಿಗೂ ಶುರುವಾಯಿತು. ಅವಳು ಇವರನ್ನು ಅಣ್ಣ ಎಂದಳು, ಇವರು ಅವಳನ್ನು ತಂಗಿಯನ್ನು ಕರೆಯುವ ಹಾಗೆ "ಬಾಯೆ" ಎಂದರು. ಬಂಗುಡೆ ಪುಳಿಮುಂಚಿ ಬಡಿಸುತ್ತ ನಿಂತ ನಾನು, ಒಬ್ಬರು ನಕ್ಕಾಗ ನಕ್ಕು, ಇನ್ನೊಬ್ಬರು ತಲೆ ಆಡಿಸಿದಾಗ ಆಡಿಸಿ, ನಮ್ಮ ಮನೆಯಲ್ಲಿಯೇ ನೆಂಟಳಾದೆ.

ಆಮೇಲೆ ಅವಳು ಬರುವುದು ರೂಢಿಯಾಯಿತು. ನಾನೇ ಕರೆಯುತ್ತಿದ್ದೆ, ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎಂದು ಇವರು ಕೇಳುತ್ತಾರಲ್ಲ, ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಕರೆಯುವುದೇ ಮೇಲು. ಇವರು ಹುಟ್ಟಾ ತಮಾಷೆಯ ಮನುಷ್ಯ. ನನ್ನ ಹತ್ತಿರ ದಿನವಿಡೀ ತಮಾಷೆ, ವೀಸಾ ಕೊಟ್ಟ ಧಣಿ ಕಫೀಲನ ಹತ್ತಿರ ತಮಾಷೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರ ಹತ್ತಿರವೂ ತಮಾಷೆ. ಆದರೆ ಅವಳ ಹತ್ತಿರ ಮಾತಾಡುವಾಗ ಒಮ್ಮೊಮ್ಮೆ ದನಿ ಇಳಿಯುತ್ತಿತ್ತು. ಮೊದಲು ನಗು, ಆಮೇಲೆ ತಗ್ಗಿದ ದನಿ, ಅವಳ ಕಡೆಯಿಂದ ಏನೋ ಒಂದು ಪ್ರಶ್ನೆ. ನಾನು ತವದ ಮೇಲಿನ ಮೀನು ಮಗುಚುತ್ತ ಕಿವಿ ಆ ಕಡೆಗೇ ಇಟ್ಟಿರುತ್ತಿದ್ದೆ. ಕಿವಿ ಇಟ್ಟು ಏನು ಪ್ರಯೋಜನ?

"ಎಂತ ಅಷ್ಟು ಗುಟ್ಟು ನಿಮ್ಮದು?" ಎಂದು ಅವಳು ಹೋದ ಮೇಲೆ ಕೇಳಿದರೆ, "ನಿನ್ನ ಬಿಟ್ಟು ಓಡಿ ಹೋಗುವ ಅಂತ ಪ್ಲಾನ್ ಮಾಡ್ತಾ ಇದ್ದೇವೆ ಮಾರಾಯ್ತಿ, ಟಿಕೆಟ್ ಸಿಗ್ತಾ ಇಲ್ಲ" ಎಂದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಪಾತ್ರೆಗಳು ನನ್ನ ಕೈಯಲ್ಲಿ ಸದ್ದು ಮಾಡುತ್ತಿದ್ದವು. ಒಂದು ದಿನ ಮಗಳು ಹೋಂವರ್ಕಿನಿಂದ ತಲೆ ಎತ್ತದೆ, "ಅಮ್ಮಾ, ಯು ಆರ್ ಸೋ ಜೆಲಸ್" ಅಂದಳು. ನಾನು ಹೋಗಿ ಅವಳ ತಲೆಗೆ ಒಂದು ಮೊಟಕಿದೆ. ಸುಳ್ಳು ಹೇಳಿದ್ದಕ್ಕಲ್ಲ.

ಇವರ ಆರೋಗ್ಯದ ಕತೆ ಹೀಗೆ. ಅದಕ್ಕೆ ಕೆಲವು ವರ್ಷ ಮೊದಲು ಒಂದು ಕಿಡ್ನಿಯಲ್ಲಿ ಗಡ್ಡೆ ಬಂದು, ಆ ಕಿಡ್ನಿಯನ್ನೇ ತೆಗೆದಿದ್ದರು. ಪೂರ್ತಿ ತೆಗೆದಿದ್ದೇವೆ, ಇನ್ನು ನಿಶ್ಚಿಂತೆ ಎಂದಿದ್ದರು. ಉಳಿದ ಇನ್ನೊಂದು ಕಿಡ್ನಿಯೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಇವರು ತಾವಾಗಿಯೇ ಎದೆಯ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತೇನೆ ಎಂದರು. ಜ್ವರ ಬಂದರೆ ಮಾತ್ರೆ ನುಂಗಿಸಲು ನಾನು ಹಿಂದೆ ಓಡಬೇಕಾದ ಮನುಷ್ಯ! ಸಣ್ಣ ಕೆಮ್ಮು ಇತ್ತು, ಧೂಳಿನ ಗಾಳಿ ಬೀಸುವ ಕಾಲ, ಊರಿಗೆ ಊರೇ ಕೆಮ್ಮುತ್ತಿತ್ತು. ಬುದ್ಧಿ ಬಂತಲ್ಲ ಎಂದು ನಾನು ಖುಷಿಪಟ್ಟೆ.

ಸ್ಕ್ಯಾನಿನಲ್ಲಿ ಬಲಗಡೆಯ ಶ್ವಾಸಕೋಶದ ಅಂಚಿನಲ್ಲಿ, ಪಕ್ಕೆಲುಬಿಗೆ ತಾಗಿದ ಹಾಗೆ, ಒಂದು ಗಂಟಿನಂಥ ನೆರಳು ಕಂಡಿತು. ಸೋಂಕು ಗಟ್ಟಿಯಾಗಿ ನಿಂತದ್ದೂ ಇರಬಹುದು, ಹಳೆಯ ಕ್ಯಾನ್ಸರ್ ಅಲ್ಲಿಗೆ ಬಂದು ಕೂತದ್ದೂ ಇರಬಹುದು. ಬಣ್ಣದ ಔಷಧ ಕೊಟ್ಟು ದೊಡ್ಡ ಸ್ಕ್ಯಾನ್ ಮಾಡೋಣವೆಂದರೆ ಇದ್ದೊಂದು ಕಿಡ್ನಿಗೆ ಅದು ಹೆಚ್ಚಾಗುತ್ತದೆ. ಆಗ ಮಿಸ್ರಿ ಡಾಕ್ಟರು ನಮ್ಮ ಗುಳ್ಳೆಯ ಪರೀಕ್ಷೆಯನ್ನು ಹೇಳಿದರು. ಗಾಳಿ ತುಂಬಿದ ಶ್ವಾಸಕೋಶದೊಳಗೆ ಅಲ್ಟ್ರಾಸೌಂಡಿಗೆ ಏನೂ ಕಾಣುವುದಿಲ್ಲ, ಆದರೆ ಹೀಗೆ ಅಂಚಿಗೆ ಬಂದು ಕೂತದ್ದು ಕಾಣುತ್ತದೆ. ಗುಳ್ಳೆ ಕಿಡ್ನಿಯ ತಂಟೆಗೂ ಹೋಗುವುದಿಲ್ಲ.

ನೋಡಬೇಕಾದದ್ದು ಒಂದೇ, ಆ ನೆರಳು ಬೇಗ ಬೆಳಗುತ್ತದೋ ತಡವಾಗಿ ಬೆಳಗುತ್ತದೋ. ಕೈಯಿಂದ ಹೊರಟ ರಕ್ತ ಹೃದಯವನ್ನು ಹಾದು ಮೊದಲು ಹೋಗುವುದು ಶ್ವಾಸಕೋಶಕ್ಕೆ. ಸೋಂಕಿನ ಜಾಗವಾದರೆ ಆ ರಕ್ತವೇ ಅದಕ್ಕೂ ಸಿಗುತ್ತದೆ, ಶ್ವಾಸಕೋಶದ ಜೊತೆಜೊತೆಗೇ ಅದೂ ಬೆಳಗುತ್ತದೆ. ಬೇರೆಲ್ಲಿಂದಲೋ ಬಂದು ಕೂತ ಗಡ್ಡೆ ಹೆಚ್ಚಾಗಿ ಬೇರೆ ದಾರಿಯ ರಕ್ತ ಕುಡಿಯುತ್ತದೆ. ಗುಳ್ಳೆಗಳು ಹೃದಯಕ್ಕೆ ಮರಳಿ, ಅಲ್ಲಿಂದ ಮೈಯೆಲ್ಲ ಸುತ್ತಲು ಹೊರಟ ಮೇಲೆಯೇ ಅಲ್ಲಿಗೆ ಮುಟ್ಟುವುದು. ಆಮೇಲೆ ಸೂಜಿ ಚುಚ್ಚಿ ಚೂರು ತೆಗೆದು ಖಚಿತ ಮಾಡುತ್ತಾರೆ, ನಿಜ. ಆದರೆ ಬೇರೆಯವರ ಎದೆಯಲ್ಲಿ ಅದು ತಡವಾಗಿ ಬೆಳಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ, ಆಮೇಲೆ ಅವರಿಗೆ ಏನಾಯಿತು ಎಂದೂ ನೋಡಿದ್ದೆ.

ಮನೆಯವರ ಪರೀಕ್ಷೆಗೆ ಸಿಬ್ಬಂದಿ ಒಳಗಿರಬಾರದು ಎಂಬುದು ನಮ್ಮ ವಿಭಾಗದ ನಿಯಮ. ಹೀಗಾಗಿ ಗುಳ್ಳೆ ಬಿಡುವ ಕೆಲಸ ಇನ್ನೊಬ್ಬ ನರ್ಸಿಗೆ ಹೋಯಿತು, ನನಗೆ ಬೆಂಚು. ಅವಳಿಗೆ ಮಾತ್ರ ನಿಯಮ ಅಡ್ಡ ಬರಲಿಲ್ಲ, ಅವಳು ಇವರಿಗೆ ಏನೂ ಆಗಬೇಕಾದವಳಲ್ಲವಲ್ಲ! ನಾನು, ಕಟ್ಟಿಕೊಂಡ ಹೆಂಡತಿ, ಹೊರಗೆ; ಏನೂ ಆಗದವಳು ಒಳಗೆ. ಬಾಗಿಲು ಹಾಕುವ ಮೊದಲು ಅವಳು ನನ್ನ ಭುಜ ಮುಟ್ಟಿ, "ಅಕ್ಕಾ, ನಾನಿದ್ದೇನಲ್ಲ" ಅಂದಳು. ನೀನಿರುವುದೇ ನನ್ನ ಕಷ್ಟ ಎಂದು ಬಾಯಿಯ ತುದಿಗೆ ಬಂದಿತ್ತು.

ಒಳಗಿನಿಂದ ಉಸ್ವಾಸ್ ಧರಾ, ಸೊಡಾ ಕೇಳಿಸಿತು. ಆಮೇಲೆ ಇವರು ಏನೋ ಅಂದರು, ಅವಳು ಮೆಲ್ಲಗೆ ಏನೋ ಸಮಾಧಾನ ಹೇಳಿದಳು. ಆಮೇಲೆ ಡಾಕ್ಟರ ಗಡಸು ದನಿ. ಬಾಗಿಲು ತೆರೆಯಿತು. ಅವಳೇ ನಿಂತಿದ್ದಳು.

"ಅಕ್ಕಾ, ಏನೂ ಬೆಳಗ್ತಾ ಇಲ್ಲ. ಆ ನರ್ಸ್ ಬಾಟಲಿ ಅಲುಗಾಡಿಸದೆ ಎಳೆದುಬಿಟ್ಟಿದ್ದಾಳೆ. ಡಾಕ್ಟರು ನಿಮ್ಮನ್ನೇ ಕರೀತಾ ಇದ್ದಾರೆ."

ಆ ದ್ರವವನ್ನು ಸುಮ್ಮನೆ ಇಟ್ಟರೆ ಗುಳ್ಳೆಗಳೆಲ್ಲ ಹಾಲಿನ ಕೆನೆಯ ಹಾಗೆ ಮೇಲೆ ಬಂದು ನಿಲ್ಲುತ್ತವೆ. ಅಲುಗಾಡಿಸದೆ ಎಳೆದರೆ ಸಿರಿಂಜಿಗೆ ಬರುವುದು ಬರೀ ನೀರು. ಹೊಸಬರು ಮಾಡುವ ತಪ್ಪು. ನಿಯಮ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಒಳಗಿನಿಂದ, "ಯಲ್ಲಾ ಸಿಸ್ಟರ್, ಯಲ್ಲಾ!" ಎಂದು ಕೂಗಿದರು. ಒಳಗೆ ಹೋದೆ. ನಿಜ ಹೇಳುತ್ತೇನೆ, ಆ ಬಾಗಿಲು ದಾಟುವಾಗ ಹೆದರಿಕೆಗಿಂತ ಮೊದಲು ಬಂದದ್ದು ಗೆಲುವು. ನಾನಿಲ್ಲದೆ ಇವಳಿಂದ ಆಗಲಿಲ್ಲ ಎಂಬ ಗೆಲುವು.

ಇವರು ಎಡಮಗ್ಗುಲಾಗಿ ಮಲಗಿದ್ದರು, ಬಲಗೈ ತಲೆಯ ಮೇಲೆ. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು. "ಬಂದಳಾ ಯಜಮಾನ್ತಿ, ಇನ್ನು ಚುಚ್ಚುವುದಕ್ಕೆ ಬರಗಾಲ ಇಲ್ಲ" ಎಂದರು. ಆ ಕ್ಷಣದ ಮೊದಲು ಆ ಮುಖ ಹೇಗಿತ್ತು ಎಂಬುದು ನನಗೆ ಬಾಗಿಲಿನಿಂದ ಒಂದು ಚೂರು ಕಂಡಿತ್ತು. ಕಂಡದ್ದನ್ನು ಯೋಚಿಸಲು ಸಮಯ ಇರಲಿಲ್ಲ.

ಹೊಸ ಬಾಟಲಿ ಕಲಸಿದೆ, ಅಲುಗಾಡಿಸಿದೆ, ಎಳೆದೆ. ಅವಳು ಪ್ರೋಬನ್ನು ಪಕ್ಕೆಲುಬುಗಳ ನಡುವೆ ಇಟ್ಟು ನನ್ನ ಕಡೆ ನೋಡಿ ತಲೆ ಆಡಿಸಿದಳು, ಯಾವ ರೋಗಿಗಾದರೂ ಆಡಿಸುವ ಹಾಗೆ. ನಾನು ಗುಳ್ಳೆ ಬಿಟ್ಟೆ, ಉಪ್ಪುನೀರು ತಳ್ಳಿದೆ, ಗಡಿಯಾರ ಒತ್ತಿದೆ. ಗಂಡನ ರಕ್ತನಾಳ ಎಂದು ಕೈಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

ಪರದೆಯಲ್ಲಿ ನೆರಳಿನ ಸುತ್ತ ಗಾಳಿಯಿಲ್ಲದೆ ಕುಗ್ಗಿದ ಶ್ವಾಸಕೋಶದ ಅಂಚು ಬೆಳಗಿತು. ನಡುವೆ ಆ ನೆರಳು ಕಪ್ಪಗೆ ಉಳಿಯಿತು. ಬೆಳಗು, ಬೆಳಗು ಎಂದು ನಾನು ಹಲ್ಲು ಕಚ್ಚಿಕೊಂಡು ಕೇಳಿಕೊಂಡೆ. ಇಷ್ಟರಲ್ಲಿ ಬೆಳಗಬೇಕಿತ್ತು. ಅದು ಕಪ್ಪಗೇ ಇತ್ತು. ಆಮೇಲೆ, ಬೆಳಗುವುದಿಲ್ಲವೇನೋ ಎನಿಸುವ ಹೊತ್ತಿಗೆ, ಒಳಗೆ ಅಲ್ಲಲ್ಲಿ ಮಿಣಮಿಣ ಎಂದಿತು, ನಿಧಾನವಾಗಿ ತುಂಬಿತು. ಡಾಕ್ಟರು ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ಅಷ್ಟು ತಡವಾದರೆ ಏನರ್ಥ ಎಂದು ನಮ್ಮಿಬ್ಬರಿಗೂ ಗೊತ್ತು.

ನಾನು ಇವರ ಕಡೆ ತಿರುಗಿದೆ. ಇವರು ಪರದೆ ನೋಡುತ್ತಿರಲಿಲ್ಲ. ಸಿರಿಂಜು ಹಿಡಿದು ಪಕ್ಕದಲ್ಲೇ ನಿಂತ ನನ್ನನ್ನೂ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕಣ್ಣು ತಗ್ಗಿಸಿದಳು. ಇವರು "ಹ್ಞೂಂ" ಎಂದರು, ಅಷ್ಟೇ. ಪ್ರಶ್ನೆಯೂ ಮುಗಿಯಿತು, ಉತ್ತರವೂ ಮುಗಿಯಿತು, ನನ್ನ ತಲೆಯ ಮೇಲಿಂದ.

ಇವರು ಅಂಗಿ ಹಾಕಿಕೊಳ್ಳುತ್ತಿರುವಾಗ ನಾನು ಅವಳನ್ನು ಸಿಬ್ಬಂದಿಯ ಕೋಣೆಗೆ ಎಳೆದುಕೊಂಡು ಹೋದೆ. ಎಳೆದುಕೊಂಡೇ ಹೋದದ್ದು, ರಟ್ಟೆ ಹಿಡಿದು.

"ನಿನಗೆ ಮೊದಲೇ ಗೊತ್ತಿತ್ತು."

ಅವಳು ಅಳಲು ಶುರು ಮಾಡಿದಳು. "ಗೊತ್ತಿರಲಿಲ್ಲ ಅಕ್ಕಾ. ಸಂಶಯ ಇತ್ತು. ಅಣ್ಣ ಹೇಳಿದ್ರು, ಕೆಮ್ಮುವಾಗ ರಕ್ತ ಬರ್ತದೆ ಅಂತ."

"ಯಾವಾಗ ಹೇಳಿದ್ದು?"

"ನಿಮ್ಮ ಮನೇಲೇ. ಊಟಕ್ಕೆ ಬಂದಾಗ. ನೀವು ಮೀನು ಹುರೀತಾ ಇದ್ರಿ. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡ್ರು. ಹಾಗಾದ್ರೆ ಸ್ಕ್ಯಾನ್ ಮಾಡಿಸಿಕೊಳ್ಳಿ, ಇಲ್ಲದಿದ್ರೆ ಅಕ್ಕನ ಹತ್ರ ಹೇಳ್ತೇನೆ ಅಂತ ನಾನೇ ಹಟ ಹಿಡಿದೆ."

ಬುದ್ಧಿ ಬಂತು ಎಂದು ನಾನು ಖುಷಿಪಟ್ಟ ಆ ಬೆಳಿಗ್ಗೆಯೂ ಅವಳದೇ ಆಗಿತ್ತು.

"ಮತ್ತೆ ಎಂತ ಹೇಳಿದ್ರು? ಎಲ್ಲ ಹೇಳು."

ಅವಳು ಮೂಗು ಒರೆಸಿಕೊಂಡಳು. "ಹೆದರಿಕೆ ಆಗ್ತದೆ ಅಂದ್ರು. ರಾತ್ರಿ ನಿದ್ರೆ ಇಲ್ಲ, ನೀವು ಏಳ್ತೀರಿ ಅಂತ ಮಲಗಿದ ಹಾಗೆ ಇರ್ತಾರಂತೆ. ಇಲ್ಲೇ ಏನಾದ್ರೂ ಆದ್ರೆ ವಿಮಾನದ ಹೊಟ್ಟೆಯಲ್ಲಿ, ಸಾಮಾನಿನ ಒಟ್ಟಿಗೆ, ಪೆಟ್ಟಿಗೆಯಲ್ಲಿ ಹೋಗಬೇಕಲ್ಲ ಅಂದ್ರು. ಆಮೇಲೆ ಅತ್ತರು."

ನಾನು ಅವಳ ರಟ್ಟೆ ಬಿಟ್ಟುಬಿಟ್ಟೆ. ಪೆಟ್ಟಿಗೆಗಲ್ಲ. ಅತ್ತರು ಎಂಬುದಕ್ಕೆ. ಇಷ್ಟು ವರ್ಷದಲ್ಲಿ ನಾನು ಇವರ ಕಣ್ಣಲ್ಲಿ ನೀರು ನೋಡಿರಲಿಲ್ಲ. ಕಿಡ್ನಿ ತೆಗೆದ ದಿನವೂ ಸ್ಟ್ರೆಚರ್ ಮೇಲಿಂದ ನನಗೆ ಕಣ್ಣು ಹೊಡೆದವರು. ಆ ಮನುಷ್ಯ ನಮ್ಮ ಮನೆಯ ಸೋಫಾದಲ್ಲಿ, ನಾನು ಹತ್ತು ಹೆಜ್ಜೆ ಆಚೆ ಇರುವಾಗ, ನನಗೆ ಅರ್ಥವಾಗದ ಭಾಷೆಯಲ್ಲಿ ಅತ್ತು, ನಾನು ಮೀನಿನ ತಟ್ಟೆ ಹಿಡಿದು ಬರುವಷ್ಟರಲ್ಲಿ ಮುಖ ಒರೆಸಿಕೊಂಡು ತಮಾಷೆಗೆ ಇಳಿದಿದ್ದರು. ಅವರಿಬ್ಬರ ನಡುವೆ ನಾನು ಏನೇನೋ ಕಲ್ಪಿಸಿಕೊಂಡು ಮೈ ಪರಚಿಕೊಂಡಿದ್ದೆ. ಅದೇ ಆಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಎಂದು ಆಗ ಅನಿಸಿತು. ನಗುವ ಗಂಡನನ್ನು ನನ್ನ ಪಾಲಿಗೆ ಇಟ್ಟು, ಹೆದರಿದ ಗಂಡನನ್ನು ಅವಳಿಗೆ ಕೊಟ್ಟಿದ್ದರು. ಅವಳಿಗೆ ಯಾಕೆ? ಅವಳಿಗೆ ಏನು ಹಕ್ಕು? ಇವರ ಕೆಮ್ಮು, ಇವರ ರಕ್ತ, ಇವರ ಕಣ್ಣೀರು ಎಲ್ಲ ನನ್ನದಲ್ಲವೇ?

ಅವಳು ಇನ್ನೂ ಅಳುತ್ತಿದ್ದಳು. ನಾನು ಸಮಾಧಾನ ಮಾಡಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಗೆ ಬಂದೆ.

ಮನೆಗೆ ಹೋಗುವಾಗ ಕಾರು ಇವರೇ ಓಡಿಸಿದರು. ಸಮುದ್ರದ ಬದಿಯ ರಸ್ತೆ, ಮಧ್ಯಾಹ್ನದ ಬಿಸಿಲು, ಎಸಿ ಎಷ್ಟು ಹಾಕಿದರೂ ಸ್ಟೇರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಇವರು ಶುರು ಮಾಡಿದರು. "ನೋಡು, ಮೈತುಂಬ ಗುಳ್ಳೆ ಬಿಟ್ಟಿದ್ದೀಯಲ್ಲ, ಈಗ ನಾನೊಂದು ಸೋಡಾ ಬಾಟಲಿ. ಹಂಪ್ ಬಂದಾಗ ನಿಧಾನ ಹೋಗಬೇಕು, ಇಲ್ಲದಿದ್ದರೆ ಮುಚ್ಚಳ ಹಾರ್ತದೆ."

"ಗಾಡಿ ನಿಲ್ಲಿಸಿ" ಎಂದೆ.

"ಎಂತಕ್ಕೆ? ವಾಂತಿಯಾ?"

"ನಿಲ್ಲಿಸಿ ಹೇಳಿದ್ದು."

ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಹಳದಿ ದೀಪ ಟಿಕ್ ಟಿಕ್ ಎನ್ನತೊಡಗಿತು.

"ಅವಳ ಹತ್ತಿರ ಎಂತ ಹೇಳಿದ್ರಿ, ಅದನ್ನು ನನಗೆ ಹೇಳಿ. ನನಗೆ ಅರ್ಥ ಆಗುವ ಭಾಷೆಯಲ್ಲಿ ಹೇಳಿ. ತಮಾಷೆ ಸಾಕು, ಖಲಾಸ್. ನಿಮ್ಮ ತಮಾಷೆ ನನಗೆ ಬೇಡ, ಅದನ್ನು ಅವಳಿಗೆ ಕೊಡಿ. ಅವಳಿಗೆ ಕೊಟ್ಟದ್ದು ನನಗೆ ಬೇಕು."

ಕೂಗಿಯೇ ಹೇಳಿದೆ ಎಂದು ಕಾಣುತ್ತದೆ, ಗಂಟಲು ನೋಯುತ್ತಿತ್ತು. ಇವರು ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೇಳುತ್ತಾರೆ ಎನಿಸಿತು, ತುಟಿ ಅಲುಗಾಡಿತು. ಅಷ್ಟರಲ್ಲಿ ಕಿಟಕಿಗೆ ಟಕ್ ಟಕ್ ಎಂದು ಬಡಿತ. ಟ್ರಾಫಿಕ್ ಪೊಲೀಸ್, ಚಿಕ್ಕ ಪ್ರಾಯದವ, ಬಗ್ಗಿ ನೋಡುತ್ತಿದ್ದ. ಇವರು ಗಾಜು ಇಳಿಸಿದರು.

"ಫೀ ಮುಶ್ಕಿಲಾ?" ಏನಾದರೂ ತೊಂದರೆಯೇ ಎಂದು ಅವನು ಕೇಳಿದ.

ಇವರ ಮುಖದಲ್ಲಿ ಥಟ್ಟನೆ ನಗು ಬಂತು. ಹೆಬ್ಬೆರಳಿನಿಂದ ನನ್ನನ್ನು ತೋರಿಸಿ, "ಮಾಫೀ ಮುಶ್ಕಿಲಾ. ಮದಾಮ್ ಝಾಲಾನ್" ಎಂದರು. ತೊಂದರೆ ಏನಿಲ್ಲ, ಹೆಂಡತಿಗೆ ಸಿಟ್ಟು ಬಂದಿದೆ. ಪೊಲೀಸಿನವ ನನ್ನ ಮುಖ ನೋಡಿ, ಇವರ ಮುಖ ನೋಡಿ ಜೋರಾಗಿ ನಕ್ಕ. ಅವನಿಗೂ ಮದುವೆಯಾಗಿತ್ತೋ ಏನೋ. ಐದು ನಿಮಿಷ ಕೊಟ್ಟಿದ್ದೇನೆ ಎಂದು ಕೈಬೆರಳು ಬಿಡಿಸಿ ತೋರಿಸಿ, ಕಾರಿನ ಮಾಡನ್ನು ತಟ್ಟಿ ಹೊರಟುಹೋದ.

ಇವರು ಗಾಜು ಏರಿಸಿದರು. ಅದು ಪೂರ್ತಿ ಮೇಲೆ ಹೋಗುವವರೆಗೂ ನಗು ಹಾಗೆಯೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು. ನಗು ಇರಲಿಲ್ಲ. ಗಲ್ಲ ನಡುಗುತ್ತಿತ್ತು, ಕಣ್ಣು ಸಣ್ಣ ಮಕ್ಕಳ ಕಣ್ಣಿನ ಹಾಗೆ ಆಗಿತ್ತು. "ನನಗೆ ಹೋಗಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ" ಎಂದರು. ನನಗೆ ಬೇಕಾಗಿದ್ದ ಮುಖ ಅದೇ. ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆದರೂ ಕಣ್ಣು ಆಚೆ ಹೊರಳಿಸಲಿಲ್ಲ. ಇನ್ನೊಬ್ಬಳಿಗೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.